ಹತ್ತು ವರ್ಷಕ್ಕೆ ಹೂ ಬಿಡುವ ಗಿಡ ಬಿತ್ತುವವರಿಗೆ

ಮಗು, ಬಾಲ್ಕನಿಯಲ್ಲಿ ಕಳ್ಳಿ ಬೀಜ ಬಿತ್ತಬೇಕು, ಅದೂ ನಿಧಾನಕ್ಕೆ ಬೆಳೆಯುವ ಜಾತಿಗಳನ್ನೇ, ಏನೇನು ನೋಡಿಕೊಳ್ಳಬೇಕು ಬರೆದುಕೊಡಿ ದೊಡ್ಡಪ್ಪ ಅಂತ ಕೇಳಿದೆಯಲ್ಲ, ಬರೆದಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಈ ಹಾಳೆಗಳನ್ನು ಗಿಡಗಳ ಹತ್ತಿರವೇ ಇಟ್ಟುಕೋ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಮೊದಲ ವರ್ಷ ಇವು ಮರುಭೂಮಿಯ ಗಿಡಗಳೇ ಅಲ್ಲ. ತೇವ, ನೆರಳು, ಬೆಚ್ಚಗಿನ ಗಾಳಿ ಬೇಡುವ ಎಳೆ ಸಸಿಗಳು. ಎರಡನೇ ವರ್ಷದಿಂದ ಮೆಲ್ಲಗೆ ಬಿಸಿಲಿಗೂ ಒಣ ಮಣ್ಣಿಗೂ ಒಗ್ಗಿಸಬೇಕು, ಆಮೇಲೆ ಅವುಗಳ ಗೋಜಿಗೆ ಹೆಚ್ಚು ಹೋಗಬಾರದು. ಸಸಿಯನ್ನು ದೊಡ್ಡ ಕಳ್ಳಿಯ ಹಾಗೆ ಒಣಗಿಸಿ ಕೊಲ್ಲುತ್ತಾರೆ, ದೊಡ್ಡ ಕಳ್ಳಿಯನ್ನು ಸಸಿಯ ಹಾಗೆ ನೀರುಣಿಸಿ ಕೊಲ್ಲುತ್ತಾರೆ. ಮುಂದೆ ಬರೆದದ್ದೆಲ್ಲ ಇದರ ವಿವರವೇ.

• ಏನನ್ನು ಬಿತ್ತಬೇಕು ಅನ್ನುವುದನ್ನು ಮೊದಲು ತೀರ್ಮಾನಿಸು. ಹೊಲದ ಬದಿಯ ಪಾಪಾಸುಕಳ್ಳಿ ಬೇಲಿ ನೋಡಿ ಬೆಳೆದವರಿಗೆ ಕಳ್ಳಿ ಅಂದರೆ ಮುರಿದು ಎಸೆದರೂ ಬೇರು ಬಿಡುವ ಗಿಡ. ನಮ್ಮ ಮನೆಗಳಲ್ಲಿ ಬ್ರಹ್ಮಕಮಲ ಅಂತ ಬೆಳೆಸಿ, ರಾತ್ರಿ ಹೂ ಅರಳಿದಾಗ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತೇವಲ್ಲ, ಅದೂ ಕಳ್ಳಿ ಕುಟುಂಬದ್ದೇ. ಒಂದು ತುಂಡು ನೆಟ್ಟರೆ ಸಾಕು, ಹತ್ತಿಕೊಳ್ಳುತ್ತದೆ. ನೀನು ಆಸೆಪಟ್ಟಿರುವವು ಆ ಜಾತಿಯವಲ್ಲ. ಅವುಗಳಲ್ಲೂ ತರತಮ ಇದೆ. ರೆಬುಟಿಯಾ, ಜಿಮ್ನೊಕ್ಯಾಲಿಸಿಯಂ, ಸಣ್ಣ ಮ್ಯಾಮಿಲೇರಿಯಾಗಳು ಬೀಜ ಬಿತ್ತಿದ 3–4 ವರ್ಷಕ್ಕೆ ಹೂ ತೋರಿಸುತ್ತವೆ. ಆಸ್ಟ್ರೋಫೈಟಮ್‌ಗೆ 4ರಿಂದ 6 ವರ್ಷ. ಏರಿಯೊಕಾರ್ಪಸ್‌ಗೆ 10 ವರ್ಷದ ಆಸುಪಾಸು. ಹಳದಿ ಮುಳ್ಳಿನ ದೊಡ್ಡ ಚೆಂಡು, ಗೋಲ್ಡನ್ ಬ್ಯಾರೆಲ್, 15–20 ವರ್ಷ ಕಾಯಿಸುತ್ತದೆ. ಅಮೆರಿಕದ ಸೊನೋರನ್ ಮರುಭೂಮಿಯ ಸವಾರೊ, ಸಿನಿಮಾಗಳಲ್ಲಿ ಕೈ ಎತ್ತಿ ನಿಂತ ಹಾಗೆ ಕಾಣುತ್ತದಲ್ಲ ಅದು, ಮೊದಲ 8 ವರ್ಷಕ್ಕೆ ಒಂದೂವರೆ ಅಂಗುಲ ಬೆಳೆದರೆ ಹೆಚ್ಚು. ಹೂ ಬಿಡಲು 35 ವರ್ಷವಾದರೂ ಬೇಕು.

ಆದ್ದರಿಂದ ಮೊದಲ ವರ್ಷ ಆಸ್ಟ್ರೋಫೈಟಮ್ ಮತ್ತು ಜಿಮ್ನೊಕ್ಯಾಲಿಸಿಯಂ ಬಿತ್ತು. ಅವು ಉಳಿದರೆ ಮರುವರ್ಷ ಏರಿಯೊಕಾರ್ಪಸ್‌ಗೆ ಕೈ ಹಾಕು. ಏರಿಯೊಕಾರ್ಪಸ್ ಬೆಳೆಯುವಷ್ಟರಲ್ಲಿ ಮಿಕ್ಕವು ಹೂ ಬಿಟ್ಟು ನಿನ್ನ ಉತ್ಸಾಹ ಕಾಯುತ್ತವೆ.

• ಕೈ ಪಳಗಿಸಿಕೊಳ್ಳಲು ಡ್ರ್ಯಾಗನ್ ಫ್ರೂಟ್ ಒಳ್ಳೆಯದು. ಅದೂ ಕಳ್ಳಿಯೇ. ಹಣ್ಣಿನ ಒಂದು ಚಮಚ ತಿರುಳನ್ನು ಬಟ್ಟೆಯಲ್ಲಿ ಕಟ್ಟಿ, ಲೋಳೆ ಹೋಗುವ ತನಕ ನೀರಿನಲ್ಲಿ ಕಿವುಚಿ, ಕಪ್ಪು ಬೀಜ ಒಣಗಿಸಿ ಬಿತ್ತು. ಒಂದೆರಡು ವಾರದಲ್ಲಿ ಹಸಿರು ಕಾಣುತ್ತದೆ. ಬೀಜಕ್ಕೆ ಖರ್ಚಿಲ್ಲ, ಹೋದರೆ ನಷ್ಟವಿಲ್ಲ, ಉಳಿದ ಗಿಡಗಳು ಮುಂದೆ ಕಸಿಗೆ ಬುಡವಾಗುತ್ತವೆ.

• ಬೆಳೆದ ಗಿಡವನ್ನೇ ಕೊಂಡರೆ ಆಗದೇ ಅಂತ ಯಾರಾದರೂ ಕೇಳಿದರೆ ಇದನ್ನು ಹೇಳು. ಏರಿಯೊಕಾರ್ಪಸ್‌ನ ತವರು ಮೆಕ್ಸಿಕೋದ ಉತ್ತರ ಭಾಗದ ಸುಣ್ಣಕಲ್ಲಿನ ಬೆಟ್ಟಗಳು. ಅದರಲ್ಲಿ ಒಂದು ಜಾತಿ ಮಾತ್ರ ಗಡಿ ದಾಟಿ ಟೆಕ್ಸಾಸ್‌ವರೆಗೆ ಇದೆ. ಮಾರುಕಟ್ಟೆಯಲ್ಲಿ ಅಂಗೈ ಅಗಲದ, ಸುಕ್ಕುಗಟ್ಟಿದ, ಬುಡದಲ್ಲಿ ಗಾಯವಿರುವ ಏರಿಯೊಕಾರ್ಪಸ್ ಕಂಡರೆ ಅದನ್ನು ಯಾರೋ ಬೆಟ್ಟದಿಂದ ಕಿತ್ತಿರುವ ಸಾಧ್ಯತೆಯೇ ಹೆಚ್ಚು. ಅಷ್ಟು ದೊಡ್ಡದಾಗಲು ಅದಕ್ಕೆ ಹಲವು ದಶಕ ಬೇಕು. 2015ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನವೊಂದು 1,478 ಕಳ್ಳಿ ಪ್ರಭೇದಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ 31ರಷ್ಟು ಅಳಿವಿನ ಅಂಚಿನಲ್ಲಿವೆ ಅಂದಿತು. ಕದ್ದು ಕೀಳುವುದೂ ಅದಕ್ಕೆ ದೊಡ್ಡ ಕಾರಣ. 2020ರಲ್ಲಿ ಇಟಲಿಯ ಪೊಲೀಸರು ಒಬ್ಬ ಸಂಗ್ರಾಹಕನ ಮನೆಯಲ್ಲಿ ಚಿಲಿ ದೇಶದಿಂದ ಕದ್ದು ತಂದ ಸಾವಿರದಷ್ಟು ಕಳ್ಳಿಗಳನ್ನು ಹಿಡಿದರು. ಬದುಕುಳಿದವುಗಳಲ್ಲಿ ಬಹುಪಾಲನ್ನು ಮರುವರ್ಷ ಚಿಲಿಗೆ ವಾಪಸು ಕಳಿಸಬೇಕಾಯಿತು. ಅಟಕಾಮಾ ಕರಾವಳಿಯ ಮಂಜಿನ ಹನಿ ಕುಡಿದು ಬದುಕಿದ್ದ ಗಿಡಗಳು ಅವು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಗೋಲ್ಡನ್ ಬ್ಯಾರೆಲ್‌ನ ಕಥೆ ಇದಕ್ಕೆ ತದ್ವಿರುದ್ಧ. 1990ರ ದಶಕದಲ್ಲಿ ಮೆಕ್ಸಿಕೋದ ಜಿಮಾಪಾನ್ ಅಣೆಕಟ್ಟೆಯ ನೀರು ಅದು ಬೆಳೆಯುತ್ತಿದ್ದ ಕಣಿವೆಯ ದೊಡ್ಡ ಭಾಗವನ್ನು ಮುಳುಗಿಸಿತು. ತವರಿನಲ್ಲಿ ವಿರಳ, ಆದರೆ ಪ್ರಪಂಚದ ನರ್ಸರಿಗಳಲ್ಲಿ ಲೆಕ್ಕವಿಲ್ಲದಷ್ಟು. ಅವೆಲ್ಲ ಬೀಜದಿಂದ ಎದ್ದವು. ಬೀಜದಿಂದ ಬೆಳೆಸಿದ ಗಿಡ ಧಾರಾಳವಾಗಿ ಸಿಗುವಾಗ ಬೆಟ್ಟ ಅಗೆಯುವವನಿಗೆ ಗಿರಾಕಿ ಇರುವುದಿಲ್ಲ.

• ಬೀಜವನ್ನು ನಮ್ಮ ದೇಶದೊಳಗಿನ ಬೆಳೆಗಾರರಿಂದಲೇ ತರಿಸು. ಕಳ್ಳಿ ಕುಟುಂಬ ಹೆಚ್ಚುಕಡಿಮೆ ಇಡಿಯಾಗಿ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಏರಿಯೊಕಾರ್ಪಸ್, ಆಸ್ಟ್ರೋಫೈಟಮ್ ಆಸ್ಟೇರಿಯಾಸ್, ಅಜ್ಟೇಕಿಯಂ ರಿಟ್ಟೆರಿ ಇವು ಅದರ ಮೊದಲ ಅನುಬಂಧದಲ್ಲಿರುವುದರಿಂದ ಬೀಜ ಗಡಿ ದಾಟಲೂ ಪರವಾನಗಿ ಬೇಕು. ಜೊತೆಗೆ ಸಸ್ಯ ಕ್ವಾರಂಟೈನ್ ನಿಯಮಗಳು. ಅಂಚೆಯಲ್ಲಿ ಗುಟ್ಟಾಗಿ ತರಿಸುವ ಉಸಾಬರಿ ಬೇಡ.

ಬೀಜ ಯಾವ ವರ್ಷದ್ದು ಅಂತ ಕೇಳಿಯೇ ಕೊಳ್ಳಬೇಕು. ಆಸ್ಟ್ರೋಫೈಟಮ್ ಬೀಜ ಒಂದೆರಡು ವರ್ಷದಲ್ಲೇ ಕಸುವು ಕಳೆದುಕೊಳ್ಳುತ್ತದೆ. ನೀಲಿ, ಕಾಮನಬಿಲ್ಲಿನ ಬಣ್ಣದ ಕಳ್ಳಿ ಬೀಜ ಅಂತ ಚಿತ್ರ ಹಾಕಿ ಮಾರುವವರ ಕಡೆ ತಿರುಗಿಯೂ ನೋಡಬೇಡ, ಅಂಥ ಗಿಡವೇ ಇಲ್ಲ. ಹಸಿರು ಕೋಲಿನ ಮೇಲೆ ಕೂತ ಕೆಂಪು, ಹಳದಿ ಚೆಂಡು ಎಲ್ಲ ನರ್ಸರಿಯಲ್ಲೂ ಇರುತ್ತದಲ್ಲ, ಅದರಲ್ಲಿ ಹರಿತ್ತೇ ಇಲ್ಲ. ಕೆಳಗಿನ ಹಸಿರು ಕೋಲೇ ಅದಕ್ಕೆ ಅನ್ನ ಹಾಕುವುದು. ಅದರ ಬೀಜದಿಂದ ಹುಟ್ಟುವ ಬಣ್ಣದ ಸಸಿ ತನ್ನಷ್ಟಕ್ಕೆ ಬದುಕುವುದಿಲ್ಲ.

• ಬಿತ್ತುವ ಕಾಲ: ಬೆಂಗಳೂರು, ಮೈಸೂರಿನವರಿಗೆ ಶಿವರಾತ್ರಿ ಕಳೆದ ಮೇಲೆ, ಯುಗಾದಿಯೊಳಗೆ. ಹಗಲು 25–30 ಡಿಗ್ರಿ, ರಾತ್ರಿ 20ರ ಸುತ್ತಮುತ್ತ ಇದ್ದರೆ ಮೊಳಕೆ ಚೆನ್ನಾಗಿ ಬರುತ್ತದೆ. ರಾಯಚೂರು, ಕಲಬುರಗಿಯ ಕಡೆ ಆ ಹೊತ್ತಿಗೆ ಬಿಸಿಲು ಏರಿಬಿಟ್ಟಿರುತ್ತದೆ. 38–40 ಡಿಗ್ರಿಯಲ್ಲಿ ಬೀಜ ಸುಮ್ಮನೆ ಕೂತುಬಿಡುತ್ತದೆ, ಎದ್ದ ಸಸಿ ಬೇಯುತ್ತದೆ. ಅಲ್ಲಿಯವರು ದಸರಾ ಹೊತ್ತಿಗೆ ಬಿತ್ತಲಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಮುಗಿದ ಮೇಲೆ.

• ಮಣ್ಣು ಅನ್ನುವುದಕ್ಕಿಂತ ಕಲ್ಲುಚೂರು ಅನ್ನು. ಕೆಂಪುಮಣ್ಣು ಬೇಡ, ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗಿ ಎಳೆ ಬೇರನ್ನು ಹರಿಯುತ್ತದೆ. 1ರಿಂದ 3 ಮಿ.ಮೀ. ಗಾತ್ರದ ದಪ್ಪ ಮರಳು ಅಥವಾ ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು ಮೂರು ಪಾಲು, ಜರಡಿ ಹಿಡಿದ ಕೋಕೊಪೀಟ್ ಒಂದು ಪಾಲು. ಕೋಕೊಪೀಟನ್ನು ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡು, ಅದರಲ್ಲಿ ಉಪ್ಪಿರುತ್ತದೆ. ಕಟ್ಟಡ ಕೆಲಸದ ಎಂ-ಸ್ಯಾಂಡ್ ಬಳಸುವುದಾದರೆ ಕಲ್ಲಿನ ಧೂಳು ಪೂರಾ ಹೋಗಿ ನೀರು ತಿಳಿಯಾಗುವ ತನಕ ತೊಳೆ. ಆ ಧೂಳೇ ತಳದಲ್ಲಿ ಕೆಸರಾಗಿ ನೀರು ನಿಲ್ಲಿಸುವುದು. ಸಮುದ್ರದ ಮರಳು ಮುಟ್ಟಬೇಡ. ಪರ್ಲೈಟ್, ಸಣ್ಣ ಕುಂಡ ಇಂಥವಕ್ಕೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳ ಕಡೆ ಒಂದು ಸುತ್ತು ಹಾಕು.

• ಮಿಶ್ರಣವನ್ನು ಹಬೆಯಲ್ಲಿ ಬೇಯಿಸದೆ ಬಿತ್ತಬೇಡ. ಹಳೆಯ ಇಡ್ಲಿ ಪಾತ್ರೆಯೊಂದನ್ನು ಇದಕ್ಕೇ ಅಂತ ಎತ್ತಿಡು, ಮತ್ತೆ ಅಡುಗೆಗೆ ತರಬೇಡ. ಮಿಶ್ರಣವನ್ನು ಒದ್ದೆ ಮಾಡಿ, ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಹಬೆ ಬರಲು ಶುರುವಾದ ಮೇಲೆ ಅರ್ಧ ಗಂಟೆ ಇಡು. ಮುಚ್ಚಳ ತೆಗೆಯದೆ ಆರಲು ಬಿಡು. ಬೂಷ್ಟಿನ ಕಣ, ಪಾಚಿ, ಕಳೆ ಬೀಜ, ನೊರಜಿನ ಮೊಟ್ಟೆ ಎಲ್ಲ ಇದರಲ್ಲೇ ಹೋಗುತ್ತವೆ. ಈ ಒಂದು ಕೆಲಸಕ್ಕೆ ಸೋಮಾರಿತನ ಮಾಡಿದರೆ ಆಮೇಲೆ ಯಾವ ಔಷಧಿಯೂ ಅದನ್ನು ಸರಿಪಡಿಸುವುದಿಲ್ಲ.

• ಈಗ ಬಿತ್ತನೆ. ಇದನ್ನು ನಿಧಾನವಾಗಿ ಓದು.

ತಳದಲ್ಲಿ ತೂತಿರುವ 3–4 ಅಂಗುಲದ ಪ್ಲಾಸ್ಟಿಕ್ ಕುಂಡ ತೆಗೆದುಕೊಂಡು ಬಿಸಿನೀರಿನಲ್ಲಿ ತೊಳೆ. ಆರಿದ ಮಿಶ್ರಣವನ್ನು ಕಂಠದಿಂದ ಒಂದು ಅಂಗುಲ ಕೆಳಗಿನವರೆಗೆ ತುಂಬು. ಮೇಲೆ ಒಂದು ಪದರ ಸಣ್ಣ ಕಲ್ಲುಚೂರು ಹರಡು. ಕುದಿಸಿ ಆರಿಸಿದ ನೀರಿನ ತಟ್ಟೆಯಲ್ಲಿ ಕುಂಡ ಕೂರಿಸು. ಮೇಲಿನ ಚೂರಿನ ಬಣ್ಣ ಗಾಢವಾದರೆ ನೀರು ಏರಿದೆ ಅಂತ ಅರ್ಥ. ಎತ್ತಿ, ಹೆಚ್ಚಿನ ನೀರು ಬಸಿದುಹೋಗಲು ಬಿಡು. ಒದ್ದೆಯಾಗಿರಬೇಕು, ನೀರು ನಿಂತಿರಬಾರದು.

ಬೀಜವನ್ನು ಬಿಳಿ ಕಾಗದದ ಮೇಲೆ ಸುರಿದು ಭೂತಗನ್ನಡಿಯಲ್ಲಿ ನೋಡು. ಆಸ್ಟ್ರೋಫೈಟಮ್ ಬೀಜ ಹೊಳೆಯುವ ಕಂದು ಬಟ್ಟಲಿನ ಹಾಗೆ, ಒಂದು ಕಡೆ ಅಂಚು ಒಳಕ್ಕೆ ಮಡಚಿ ಟೊಳ್ಳಾಗಿರುತ್ತದೆ. ಏರಿಯೊಕಾರ್ಪಸ್ ಬೀಜ ಕಪ್ಪು, ಮೈ ತರಿತರಿ, ಸಾಸಿವೆಗಿಂತ ಚಿಕ್ಕದು. ಅಜ್ಟೇಕಿಯಂ, ಸ್ಟ್ರಾಂಬೊಕ್ಯಾಕ್ಟಸ್ ಬೀಜಗಳು ಧೂಳಿನಷ್ಟು ಸಣ್ಣ. ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದೇ ಕೆಲಸ ಮಾಡಬೇಕು. ಬೀಜಕ್ಕೆ ಅಂಟಿದ ತಿರುಳಿನ ಚೂರೋ ನಾರೋ ಇದ್ದರೆ ತೆಗೆದುಹಾಕು, ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ಕಾಗದವನ್ನು ನಡುವೆ ಮಡಚಿ, ಬೆರಳಲ್ಲಿ ಮೆಲ್ಲಗೆ ತಟ್ಟುತ್ತ ಬೀಜಗಳನ್ನು ಉದುರಿಸು. ಮೇಲೆ ಮಣ್ಣು ಮುಚ್ಚಬೇಡ. ಕಳ್ಳಿ ಬೀಜ ಮೊಳೆಯಲು ಬೆಳಕು ಬೇಕು. ಒಂದು ಕುಂಡದಲ್ಲಿ ಒಂದೇ ಜಾತಿ. ಮೊಳೆಯುವ ದಿನ, ನೀರಿನ ಲೆಕ್ಕ ಬೇರೆ ಬೇರೆ ಇರುವುದನ್ನು ಬೆರೆಸಬಾರದು.

ಆಮೇಲೆ ಕುಂಡವನ್ನು ಜಿಪ್ ಇರುವ ಪಾರದರ್ಶಕ ಚೀಲದೊಳಗೆ ಇಟ್ಟು ಬಿಗಿಯಾಗಿ ಮುಚ್ಚು. ಆ ಚೀಲ ಸಸಿಗೆ ಬಾಣಂತಿ ಕೋಣೆ: ಬೆಚ್ಚಗೆ, ತೇವವಾಗಿ, ಹೊರಗಿನ ಗಾಳಿ ಸೋಕದ ಹಾಗೆ. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಎಲ್ಲ ಸರಿಯಿದೆ. ತಿಂಗಳುಗಟ್ಟಲೆ ನೀರು ಹಾಕುವ ಕೆಲಸವೇ ಇಲ್ಲ.

• ಚೀಲಕ್ಕೆ ನೇರ ಬಿಸಿಲು ಬೀಳಬಾರದು, ಅರ್ಧ ಗಂಟೆಯ ಬಿಸಿಲಿಗೂ ಒಳಗೆ ಬೇಯುತ್ತದೆ. ಪೂರ್ವದ ಕಿಟಕಿಯಾದರೆ ತೆಳು ಪರದೆಯ ಹಿಂದೆ ಇಡು. ಇಲ್ಲದಿದ್ದರೆ ಬಿಳಿ ಎಲ್‌ಇಡಿ ಟ್ಯೂಬಿನ ಕೆಳಗೆ ಒಂದಡಿ ದೂರದಲ್ಲಿ, ದಿನಕ್ಕೆ 12–14 ಗಂಟೆ.

ಮರುಭೂಮಿಯ ಗಿಡಕ್ಕೆ ನೆರಳೇಕೆ ಅಂತ ಅನ್ನಿಸಿದರೆ ಸವಾರೊ ಕಾಡಿನಲ್ಲಿ ಹೇಗೆ ಹುಟ್ಟುತ್ತದೆ ನೋಡು. ಒಂದು ಹಣ್ಣಿನಲ್ಲಿ 2,000ದಷ್ಟು ಬೀಜ, ಒಂದು ಗಿಡದ ಆಯುಷ್ಯದಲ್ಲಿ ಕೋಟಿಗಟ್ಟಲೆ. ಉಳಿಯುವವು ಬೆರಳೆಣಿಕೆ. ಆ ಉಳಿದವೂ ಪಾಲೊವರ್ಡೆಯಂಥ ಮರದ ಬುಡದಲ್ಲಿ, ಅದರ ನೆರಳಲ್ಲಿ ಬಿದ್ದಂಥವು. ಬಯಲಿಗೆ ಬಿದ್ದವನ್ನು ಬಿಸಿಲು ಸುಡುತ್ತದೆ, ಇಲಿ, ಹಕ್ಕಿಗಳು ತಿನ್ನುತ್ತವೆ, ಚಳಿಗಾಲದ ಹಿಮ ಹೆಪ್ಪುಗಟ್ಟಿಸುತ್ತದೆ. ಮರ ದಶಕಗಳ ಕಾಲ ಸಾಕುತ್ತದೆ. ನಿನ್ನ ಪರದೆ ಆ ಮರದ ಕೆಲಸ ಮಾಡುತ್ತಿದೆ.

ಬೆಳಕಿನ ಹದ ಸಸಿಯೇ ಹೇಳುತ್ತದೆ. ಕೆಂಪಗೆ ತಿರುಗಿದರೆ ಬೆಳಕು ಹೆಚ್ಚು, ಉದ್ದ ಎಳೆದುಕೊಂಡು ತೆಳ್ಳಗಾದರೆ ಕಡಿಮೆ. ಹಸಿರು ಗುಂಡಗೆ ಕೂತಿದ್ದರೆ ಇದ್ದಲ್ಲೇ ಇರಲಿ.

• ಆಸ್ಟ್ರೋಫೈಟಮ್ ಬೀಜ ತಾಜಾ ಇದ್ದರೆ ಮೂರನೇ ದಿನಕ್ಕೇ ಬಿರಿಯುತ್ತದೆ. ಚಿಕ್ಕ ಹಸಿರು ಗುಂಡು, ತುದಿಯಲ್ಲಿ ಎರಡು ಮೊಂಡು ಬೀಜದಳ. ಕೆಲವು ತಲೆಯ ಮೇಲೆ ಬೀಜದ ಸಿಪ್ಪೆಯನ್ನು ಹೊತ್ತುಕೊಂಡೇ ಏಳುತ್ತವೆ. ಅದನ್ನು ಕೀಳಲು ಹೋಗಬೇಡ, ತಾನಾಗಿ ಬೀಳುತ್ತದೆ. ಕೆಲವು ವಾರ ಕಳೆದ ಮೇಲೆ ಮೈಮೇಲೆ ಮೊದಲ ಬಿಳಿ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಏರಿಯೊಕಾರ್ಪಸ್ ಒಂದು ವಾರದಿಂದ ಮೂರು ವಾರದವರೆಗೂ ಒಂದೊಂದಾಗಿ ಏಳುತ್ತದೆ. ಅದರ ಎಳೆ ಸಸಿ ನೋಡಿದರೆ ದೊಡ್ಡದಾದ ಮೇಲೆ ಕಲ್ಲಿನ ಹಾಗಾಗುವ ಗಿಡ ಇದೇ ಅಂತ ನಂಬಿಕೆಯೇ ಬರುವುದಿಲ್ಲ: ಮೊದಲು ಬರೀ ಹಸಿರು ಗುಂಡು, ಆಮೇಲೆ ತುದಿಯಿಂದ ಚೂಪಾದ ಸಣ್ಣ ಗುಬುಟುಗಳು, ಅವುಗಳ ತುದಿಯಲ್ಲಿ ಮೃದುವಾದ ಪುಟ್ಟ ಮುಳ್ಳುಗಳು. ಬೆಳೆದ ಗಿಡದಲ್ಲಿ ಮುಳ್ಳು ಇರುವುದೇ ಇಲ್ಲ. ಈ ಎಳೆ ಮುಳ್ಳುಗಳನ್ನು ಕಾಣುವ ಭಾಗ್ಯ ಬೀಜ ಬಿತ್ತಿದವರಿಗೆ ಮಾತ್ರ. ವರ್ಷ ತುಂಬಿದಾಗ ಅದರ ಅಗಲ 3ರಿಂದ 5 ಮಿ.ಮೀ. ಗಾಬರಿಯಾಗಬೇಡ, ಅಷ್ಟೇ ಇರಬೇಕು.

• ಮೊಳೆಯದ ಬೀಜದ ಮೇಲೆ ಬಿಳಿ ಕೂದಲಿನಂತೆ ಬೂಷ್ಟು ಕಂಡರೆ ಚಿಮಟದಲ್ಲಿ ಆ ಬೀಜವನ್ನೂ ಸುತ್ತಲಿನ ನಾಲ್ಕು ಕಲ್ಲುಚೂರನ್ನೂ ಎತ್ತಿ ಬಿಸಾಡು. ಸಸಿ ಗಾಜಿನ ಹಾಗೆ ಪಾರದರ್ಶಕವಾಗಿ ಬುಡದಲ್ಲಿ ಮೆತ್ತಗಾದರೆ ಅದು ಬುಡ ಕೊಳೆ. ಒಂದಕ್ಕೆ ಬಂದರೆ ಎರಡು ದಿನದಲ್ಲಿ ಹತ್ತಕ್ಕೆ ಹರಡುತ್ತದೆ. ಸತ್ತದ್ದನ್ನು ತೆಗೆದು, ಕೃಷಿ ಅಂಗಡಿಯ ಶಿಲೀಂಧ್ರನಾಶಕವನ್ನು ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಕಲಸಿ ಸಿಂಪಡಿಸು. ಕೈಗವಸು ಹಾಕಿಕೋ, ಅಡುಗೆಮನೆಯಲ್ಲಿ ಕಲಸಬೇಡ, ಮಕ್ಕಳ ಕೈಗೆ ಸಿಗದ ಕಡೆ ಇಡು. ಕುಂಡದ ಮೇಲೆ ಸಣ್ಣ ಕಪ್ಪು ನೊರಜು ಹಾರಾಡಿದರೆ ಅವುಗಳ ಮರಿಹುಳು ಮಣ್ಣೊಳಗಿಂದ ಸಸಿಯ ಹೊಟ್ಟೆ ಕೊರೆಯುತ್ತವೆ. ಹಳದಿ ಅಂಟುಪಟ್ಟಿ ನೇತುಹಾಕು. ಹತ್ತಿರದಲ್ಲಿ ಸದಾ ಒದ್ದೆಯಾಗಿರುವ ಬೇರೆ ಕುಂಡಗಳಿದ್ದರೆ ದೂರ ಸಾಗಿಸು, ನೊರಜು ಮೊಟ್ಟೆಯಿಡುವುದು ಅಲ್ಲೇ.

• ಚೀಲ ತೆಗೆಯುವುದು ಬಿತ್ತನೆಯಷ್ಟೇ ನಾಜೂಕಿನ ಕೆಲಸ. ಜಿಮ್ನೊಕ್ಯಾಲಿಸಿಯಂ, ಆಸ್ಟ್ರೋಫೈಟಮ್‌ಗೆ ಎರಡು ಮೂರು ತಿಂಗಳು ಸಾಕು. ಏರಿಯೊಕಾರ್ಪಸ್ ಆರು ತಿಂಗಳು ಒಳಗಿರಲಿ. ಅಜ್ಟೇಕಿಯಂ ವರ್ಷವಾದರೂ ಇರಬೇಕು. ತೆಗೆಯುವಾಗ ಮೊದಲ ವಾರ ಜಿಪ್ಪನ್ನು ಒಂದು ಬೆರಳಗಲ ಬಿಡು, ಮುಂದಿನ ವಾರ ಅರ್ಧ, ಆಮೇಲೆ ಪೂರಾ. ಒಂದೇ ದಿನ ಹೊರಗೆ ತೆಗೆದರೆ ಸಂಜೆಗೆ ಸೊರಗಿರುತ್ತವೆ. ಬೇಸಿಗೆ ನಡುವೆ ತೆಗೆಯಬೇಡ. ಜುಲೈ, ಆಗಸ್ಟಿನ ತಂಪು ಮೋಡದ ದಿನಗಳು ಇದಕ್ಕೆ ಹೇಳಿಮಾಡಿಸಿದಂತಿರುತ್ತವೆ.

• ನೀರು. ಚೀಲದಿಂದ ಹೊರಬಂದ ಸಸಿಯ ಮಣ್ಣು ಮೊದಲ ವರ್ಷವಿಡೀ ಪೂರ್ತಿ ಒಣಗಬಾರದು. ಮೇಲಿನ ಚೂರು ಬಿಳುಪೇರಿದ ಮರುದಿನ ತಟ್ಟೆಯಲ್ಲಿ ನೀರಿಟ್ಟು ತಳದಿಂದ ಕುಡಿಸು. ಮೇಲಿಂದ ಹೊಯ್ದರೆ ಸಸಿ ಬುಡಮೇಲಾಗುತ್ತದೆ. ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ತಾರಸಿ ತೊಳೆದುಹೋದ ಮೇಲಿನ ಮಳೆಯನ್ನು ಹಿಡಿದಿಡು. ನಿಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ಗಡಸು, ಕೆಲವೇ ತಿಂಗಳಲ್ಲಿ ಸಸಿಯ ಬುಡದಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದೆ. ಆರ್‌ಒ ಯಂತ್ರ ಹೊರಹಾಕುವ ತ್ಯಾಜ್ಯ ನೀರು ಅದಕ್ಕಿಂತ ಕೆಟ್ಟದ್ದು, ಗಿಡದ ಹತ್ತಿರ ತರಬೇಡ. ಕಾವೇರಿ ನೀರಾದರೆ ಒಂದು ರಾತ್ರಿ ತೆರೆದಿಟ್ಟು ಹಾಕಬಹುದು.

ಎರಡನೇ ವರ್ಷದಿಂದ ಲೆಕ್ಕ ತಿರುಗುತ್ತದೆ. ಮಣ್ಣು ತಳದವರೆಗೆ ಒಣಗಿ ಎರಡು ದಿನ ಕಳೆದ ಮೇಲೆಯೇ ನೀರು. ಕುಂಡ ಎತ್ತಿ ನೋಡು, ಹಗುರವಾಗಿರಬೇಕು. ಕಾರ್ತಿಕ ಮಾಸ ಕಳೆದು ಚಳಿ ಶುರುವಾದ ಮೇಲೆ ಶಿವರಾತ್ರಿಯವರೆಗೆ ತಿಂಗಳಿಗೊಮ್ಮೆ ಒಂದು ಗುಟುಕು ಸಾಕು. ಏರಿಯೊಕಾರ್ಪಸ್ ಆಗ ಕುಗ್ಗಿ ಮಣ್ಣಿನೊಳಕ್ಕೆ ಇಳಿದಂತೆ ಕಾಣುತ್ತದೆ. ಅದು ಬಾಡಿದ್ದಲ್ಲ, ಗೆಡ್ಡೆ ಬೇರು ನೀರು ಕಳೆದುಕೊಂಡು ಗಿಡವನ್ನು ಕೆಳಗೆ ಎಳೆಯುತ್ತಿದೆ. ತವರಿನಲ್ಲಿ ಬಿಸಿಲಿನಿಂದ, ಮೇಯುವ ಪ್ರಾಣಿಗಳಿಂದ ಅದು ತಪ್ಪಿಸಿಕೊಳ್ಳುವುದು ಹೀಗೆಯೇ. ಪಾಪ ಅಂತ ನೀರು ಹೊಯ್ಯಬೇಡ.

• ಮಳೆಗಾಲದಲ್ಲಿ ಎರಡು ವರ್ಷ ದಾಟಿದ ಗಿಡಗಳ ಮೇಲೆ ಪಾರದರ್ಶಕ ಶೀಟು ಇರಲೇಬೇಕು, ಸುತ್ತ ಗಾಳಿಯಾಡಬೇಕು. ಮಳೆಗಿಂತ ಮಳೆ ನಿಂತ ಮೇಲಿನ ಬಿಗಿದ ಸೆಕೆ ಹೆಚ್ಚು ಕೊಳೆಸುತ್ತದೆ. ಮಂಗಳೂರು, ಉಡುಪಿಯವರು ಒಂದು ಸಣ್ಣ ಫ್ಯಾನ್ ಇಟ್ಟರೂ ತಪ್ಪಿಲ್ಲ.

• ಬೇರೆ ಕುಂಡಕ್ಕೆ ಬದಲಿಸಲು ಅವಸರ ಮಾಡಬೇಡ. ಸಸಿಗಳು ಒಂದಕ್ಕೊಂದು ತಾಗಿಕೊಂಡಿರುವಾಗ ಚೆನ್ನಾಗಿ ಬೆಳೆಯುತ್ತವೆ. ಒತ್ತಿಕೊಂಡು ಒಂದನ್ನೊಂದು ಮೇಲಕ್ಕೆ ನೂಕಲು ಶುರುಮಾಡಿದಾಗ ಬದಲಿಸು. ಏರಿಯೊಕಾರ್ಪಸ್‌ಗೆ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಅದರ ಬೇರು ಗೆಡ್ಡೆಯಾಗಿ ಇಳಿಯುವುದರಿಂದ ಅಗಲಕ್ಕಿಂತ ಆಳ ಹೆಚ್ಚಿರುವ ಕುಂಡ ಬೇಕು. ಮಣ್ಣು ಒಣಗಿದಾಗಲೇ ಬಿಡಿಸು, ಹಲ್ಲುಕಡ್ಡಿಯಿಂದ ಬೇರು ಸಡಿಲಿಸು. ನೆಟ್ಟ ಮೇಲೆ ಒಂದು ವಾರ ನೀರು ಕೊಡಬೇಡ. ಹರಿದ ಬೇರಿನ ಗಾಯ ಒಣಗದೆ ನೀರು ತಾಗಿದರೆ ಅಲ್ಲಿಂದಲೇ ಕೊಳೆ ಹತ್ತುತ್ತದೆ. ಈಗಿನ ಮಿಶ್ರಣದಲ್ಲಿ ಕಲ್ಲುಚೂರು ಹತ್ತರಲ್ಲಿ ಒಂಬತ್ತು ಪಾಲು ಇರಲಿ.

• ಗೊಬ್ಬರ ಹಾಕಿ ಓಡಿಸಲು ನೋಡಬೇಡ. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ, ನೀರಲ್ಲಿ ಕರಗುವ ಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗಕ್ಕೆ ತೆಳುಮಾಡಿ ಕೊಟ್ಟರೆ ಧಾರಾಳವಾಯಿತು. ಸಾರಜನಕ ಹೆಚ್ಚಾದರೆ ಗಿಡ ಉಬ್ಬಿ, ಮೈ ಸೀಳಿಬಿಡುತ್ತದೆ. ಆ ಗಾಯದ ಗುರುತು ಗಿಡ ಇರುವವರೆಗೂ ಉಳಿಯುತ್ತದೆ. ಸಗಣಿ ಗೊಬ್ಬರ, ಎರೆಗೊಬ್ಬರ ಸಸಿ ಕುಂಡಕ್ಕೆ ಬೇಡವೇ ಬೇಡ.

• ಕಸಿಯ ಬಗ್ಗೆ ನಿನಗೆ ಎಲ್ಲರೂ ಹೇಳುತ್ತಾರೆ. ಡ್ರ್ಯಾಗನ್ ಫ್ರೂಟ್ ಅಥವಾ ಪೆರೆಸ್ಕಿಯಾಪ್ಸಿಸ್ ಬುಡದ ಮೇಲೆ ಸಸಿ ಕೂರಿಸಿದರೆ ಹತ್ತು ವರ್ಷದ ಬೆಳವಣಿಗೆ ಎರಡು ಮೂರು ವರ್ಷಕ್ಕೆ ಬರುವುದು ನಿಜ. ಬೇರು ಕೊಳೆತು ಸಾಯುತ್ತಿರುವ ಸಸಿಯನ್ನು ಉಳಿಸಲು, ಅಪರೂಪದ ಜಾತಿಯಿಂದ ಬೇಗ ಬೀಜ ಪಡೆಯಲು ಕಸಿ ಕಲಿತಿರಬೇಕು. ಆದರೆ ಕಸಿಯ ಏರಿಯೊಕಾರ್ಪಸ್ ಊದಿಕೊಂಡು, ಗುಬುಟು ಉದ್ದವಾಗಿ, ತನ್ನ ಬಿಗಿಯಾದ ಆಕಾರ ಕಳೆದುಕೊಳ್ಳುತ್ತದೆ. ನಿನ್ನ ಗಿಡಗಳಲ್ಲಿ ಹೆಚ್ಚಿನವು ಸ್ವಂತ ಬೇರಿನ ಮೇಲೇ ಇರಲಿ ಅನ್ನುವುದು ನನ್ನ ಮಾತು. ನಿಧಾನ ಬೇಡವಾಗಿದ್ದರೆ ಈ ಗಿಡ ಯಾಕೆ?

• ಹಿಟ್ಟು ತಿಗಣೆ ಮುಳ್ಳಿನ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕೂತಿರುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಸಣ್ಣ ಕುಂಚದಿಂದ ಒಂದೊಂದನ್ನೂ ಮುಟ್ಟು. ಅಂದು ಬಿಸಿಲಿಗೆ ಇಡಬೇಡ. ಮೇಲೆ ಏನೂ ಕಾಣದೆ ಗಿಡ ಸುಮ್ಮನೆ ಮಂಕಾದರೆ ಕುಂಡದಿಂದ ಬಿಡಿಸಿ ಬೇರು ನೋಡು, ಅಲ್ಲೂ ಸೇರಿಕೊಂಡಿರುತ್ತದೆ. ತುದಿಯ ಎಳೆ ಮೈ ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿದರೆ ಅದು ಕೆಂಪು ನುಸಿ. ಬಿರುಬೇಸಿಗೆಯಲ್ಲಿ ಬರುತ್ತದೆ, ಬರಿಗಣ್ಣಿಗೆ ಕಾಣುವುದು ಕಷ್ಟ.

• ಇರುವೆ, ಅಳಿಲು, ಬಸವನಹುಳು ಮೂರರಿಂದಲೂ ಕಾಪಾಡು. ಒಣಗಲು ಇಟ್ಟ ಬೀಜವನ್ನು ಇರುವೆ ಒಂದು ಮಧ್ಯಾಹ್ನದಲ್ಲಿ ಸಾಗಿಸಿಬಿಡುತ್ತದೆ. ತಟ್ಟೆಯನ್ನು ನೀರಿನ ನಡುವೆ ಇಡು. ಸಸಿ ಕುಂಡಗಳ ಮೇಲೆ ತಂತಿ ಬಲೆ ಹಾಕು.

• ಪ್ರತಿ ಕುಂಡಕ್ಕೂ ಹೆಸರು, ಬಿತ್ತಿದ ತಾರೀಖು, ಬೀಜ ಕೊಟ್ಟವರು ಇಷ್ಟನ್ನೂ ಬರೆದು ಸಿಕ್ಕಿಸು. ಪೆನ್ಸಿಲ್‌ನಲ್ಲಿ ಬರೆ, ಪೆನ್ನಿನ ಶಾಯಿ ಒಂದೇ ಬೇಸಿಗೆಗೆ ಮಾಸುತ್ತದೆ, ಪೆನ್ಸಿಲ್ ಉಳಿಯುತ್ತದೆ. ಪ್ರತಿ ಯುಗಾದಿಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆ. ದಿನಾ ನೋಡುವ ಕಣ್ಣಿಗೆ ಬೆಳವಣಿಗೆ ಕಾಣುವುದೇ ಇಲ್ಲ. ಕಳೆದ ವರ್ಷದ ಫೋಟೊ ಪಕ್ಕ ಈ ವರ್ಷದ ಫೋಟೊ ಇಟ್ಟು ನೋಡಿದರೆ ಕಾಣುತ್ತದೆ.

• ಬಿಡುವಾದಾಗ ದೊಡ್ಡ ಗಿಡಗಳನ್ನು ಹೋಗಿ ನೋಡು. ಲಾಲ್‌ಬಾಗ್‌ನಲ್ಲಿ ಕಳ್ಳಿ ತೋಟವಿದೆ. ಉತ್ತರದ ಕಡೆ ಹೋದರೆ ಹರಿಯಾಣದ ಪಂಚಕುಲಾದಲ್ಲಿ 1987ರ ಸುಮಾರಿಗೆ ಶುರುವಾದ ರಾಷ್ಟ್ರೀಯ ಕಳ್ಳಿ ಉದ್ಯಾನ ತಪ್ಪಿಸಬೇಡ. ನಿನ್ನ ಕುಂಡದ ಚಿಕ್ಕ ಗುಂಡು ಮುಂದೆ ಎಷ್ಟು ಜಾಗ ಕೇಳುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ.

• ಹೂ ಬಂದ ಮೇಲಿನ ಕೆಲಸವನ್ನೂ ಈಗಲೇ ಬರೆದಿಡುತ್ತೇನೆ. ಏರಿಯೊಕಾರ್ಪಸ್ ಹೂ ಬಿಡುವುದು ನಮ್ಮಲ್ಲಿ ಹೆಚ್ಚಾಗಿ ದೀಪಾವಳಿಯ ಆಸುಪಾಸು, ನಡುವಿನ ಬಿಳಿ ಉಣ್ಣೆಯಿಂದ ಎದ್ದು ಮಧ್ಯಾಹ್ನಕ್ಕೆ ಪೂರ್ತಿ ಅರಳುತ್ತದೆ. ಈ ಗಿಡಗಳಲ್ಲಿ ಹೆಚ್ಚಿನವು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅದಕ್ಕೇ ಒಂದೇ ಜಾತಿಯ ನಾಲ್ಕೈದು ಗಿಡವಾದರೂ ಉಳಿಸಿಕೊಳ್ಳಬೇಕು. ಒಂದರ ಪರಾಗವನ್ನು ಮೆತ್ತನೆಯ ಕುಂಚದಲ್ಲಿ ತೆಗೆದು ಇನ್ನೊಂದರ ನಡುವಿನ ಕವಲೊಡೆದ ತುದಿಗೆ ಸವರು. ಬೇರೆ ಜಾತಿಯ ಹೂವಿಗೆ ಅದೇ ಕುಂಚ ತಾಗಿಸಬೇಡ, ಬೆರಕೆಯಾದ ಬೀಜಕ್ಕೆ ನಿಜವಾದ ಹೆಸರು ಬರೆದು ಕೊಡಲಾಗುವುದಿಲ್ಲ. ಆಸ್ಟ್ರೋಫೈಟಮ್ ಕಾಯಿ ಬಲಿತಾಗ ತಾನೇ ಬಿರಿಯುತ್ತದೆ, ಅಂದೇ ಎತ್ತಿಕೋ. ಏರಿಯೊಕಾರ್ಪಸ್ ಕಾಯಿ ಉಣ್ಣೆಯೊಳಗೆ ಅಡಗಿ ಕೂರುತ್ತದೆ. ಮುಂದಿನ ವರ್ಷ ಚಿಮಟದಲ್ಲಿ ಹುಡುಕಿ ತೆಗೆಯಬೇಕು.

ಬೀಜವನ್ನು ತೊಳೆದು, ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳತಟ್ಟೆಯಲ್ಲಿಡು. ಅರ್ಧ ನೀನು ಬಿತ್ತು. ಮಿಕ್ಕ ಅರ್ಧವನ್ನು ಕೇಳಿದವರಿಗೆ ಕೊಡು, ದುಡ್ಡು ತೆಗೆದುಕೊಳ್ಳಬೇಡ. ಕೊಡುವಾಗ ಪೊಟ್ಟಣದ ಮೇಲೆ ವರ್ಷ ಬರೆಯುವುದನ್ನು ಮರೆಯಬೇಡ, ಈ ಹಾಳೆಗಳ ಒಂದು ಪ್ರತಿಯನ್ನೂ ಜೊತೆಗಿಡು.